ಗಿಟಾರ್ ಪ್ಲಾನ್ ಬಾಡಿ ಶೇಪಿಂದ ಶುರುವಾಗಲ್ಲ

ಹೋದ ತಿಂಗಳು ಒಬ್ಬ ಹುಡುಗ ತಾನೇ ಮಾಡಿದ ಟೆಲಿಕಾಸ್ಟರ್ (ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್ ಮಾದರಿ) ತಗೊಂಡು ನನ್ನ ವರ್ಕ್‌ಶಾಪಿಗೆ ಬಂದ. ಪಾಲಿಶ್ ಅಂತೂ ಮುಖ ನೋಡ್ಕೋಬೋದು ಹಂಗಿತ್ತು, ಆದ್ರೆ ಓಪನ್ ತಂತಿ ಸರಿಯಾಗಿ ಟ್ಯೂನ್ ಆಗಿದ್ರೂ ಕೈ ಮೇಲಕ್ಕೆ ಹೋದಂಗೆಲ್ಲ ಅಪಸ್ವರ, 12ನೇ ಫ್ರೆಟ್ (ನೆಕ್ ಮೇಲಿನ ಲೋಹದ ಮೆಟ್ಟಿಲು) ಹತ್ರ ಅರ್ಧ ಸ್ವರದಲ್ಲಿ ಅರ್ಧದಷ್ಟು ಇಳಿದಿತ್ತು. ಸ್ಟೀಲ್ ಸ್ಕೇಲ್ ಇಟ್ಟು ನೋಡಿದ್ರೆ ನಟ್ಟಿಂದ (ನೆಕ್ಕಿನ ತಲೆ ಕಡೆ ತಂತಿ ಕೂರೋ ಪಟ್ಟಿ) 12ನೇ ಫ್ರೆಟ್‌ಗೆ 314 ಮಿ.ಮೀ. ಇದೆ, ಇರಬೇಕಾಗಿದ್ದು 323.85, ಅಂದ್ರೆ ನಟ್ಟಿಂದ ಬಾಡಿ ಮೇಲೆ ತಂತಿ ಕೂರೋ ಬ್ರಿಜ್ಜಿನವರೆಗಿನ ಉದ್ದ (ಸ್ಕೇಲ್ ಲೆಂತ್) 647.7ರ ಅರ್ಧ. ಪ್ಲಾನಿನ ಪಿಡಿಎಫ್ ಪ್ರಿಂಟ್ ಹಾಕಿಸುವಾಗ 'ಫಿಟ್ ಟು ಪೇಜ್' ಆನ್ ಇತ್ತು, 97 ಪರ್ಸೆಂಟ್‌ಗೆ ಕುಗ್ಗಿದೆ, ಅಷ್ಟೇ ಕಥೆ. ತಮಾಷೆ ಅಂದ್ರೆ ಫೆಂಡರಿನ 25.5 ಇಂಚನ್ನ 97 ಪರ್ಸೆಂಟ್ ಮಾಡಿದ್ರೆ ಸುಮಾರು 24.74 ಇಂಚು ಬರುತ್ತೆ, ಅಂದ್ರೆ ಇನ್ನೊಂದು ಗಿಟಾರ್ ಕಂಪನಿ ಗಿಬ್ಸನ್ ಹೇಳ್ಕೊಳ್ಳೋ 24.75ರ ಪಕ್ಕಕ್ಕೇ. ಬ್ರಿಜ್ಜನ್ನೂ ಅದೇ ಡ್ರಾಯಿಂಗ್ ನೋಡಿ ಕೂರಿಸಿದ್ರೆ ಗಿಟಾರ್ ಚೆನ್ನಾಗೇ ನುಡೀತಿತ್ತು! ಆದ್ರೆ ಬ್ರಿಜ್ ಮಾತ್ರ ಟೇಪ್ ಹಿಡಿದು 648 ಮಿ.ಮೀ.ಗೆ ಹಾಕಿದ್ದ.

ಅದಕ್ಕೇ ಹೇಳೋದು, ಪ್ಲಾನಲ್ಲಿ ಮೊದಲು ಬರೆಯೋದು ನಡುಗೆರೆ, ಸೆಂಟರ್‌ಲೈನು. ಅದರ ಮೇಲೆ ನಟ್, ನಟ್ಟಿಂದ ಸ್ಕೇಲ್ ಲೆಂತ್ ಅಳೆದು ಬ್ರಿಜ್ ಗೆರೆ. ಬಾಡಿ ಶೇಪ್ ಕಟ್ಟಕಡೆಗೆ, ಸೊಂಟದ ಹತ್ರ 2 ಮಿ.ಮೀ. ಆಚೀಚೆ ಆದ್ರೂ ಯಾರಪ್ಪನ ಗಂಟೂ ಹೋಗಲ್ಲ.

ಫ್ರೆಟ್ ಲೆಕ್ಕ ಸುಲಭ: ಬ್ರಿಜ್ಜಿನವರೆಗೆ ಉಳಿದಿರೋ ಉದ್ದವನ್ನ 17.817ರಿಂದ ಭಾಗಿಸ್ತಾ ಹೋಗೋದು, ಬಂದದ್ದೇ ಮುಂದಿನ ಫ್ರೆಟ್ಟಿಗೆ ಇರೋ ದೂರ. 647.7ಕ್ಕೆ ಮೊದಲನೇ ಫ್ರೆಟ್ 36.35 ಮಿ.ಮೀ., 5ನೇದು ನಟ್ಟಿಂದ 162.47. ಹಳೇ ಕಾಲದಲ್ಲಿ ಸುಮ್ನೆ 18 ಅಂತ ಹಿಡೀತಿದ್ರು, ಹಂಗೆ ಮಾಡಿದ್ರೆ 12ನೇ ಫ್ರೆಟ್ ಹೆಚ್ಚೂಕಮ್ಮಿ 2.4 ಮಿ.ಮೀ. ನಟ್ ಕಡೆಗೆ ಜರುಗುತ್ತೆ. ಗುರುತು ಹಾಕುವಾಗ ಪ್ರತಿ ಫ್ರೆಟ್ಟನ್ನೂ ನಟ್ಟಿಂದಲೇ ಅಳೀಬೇಕು, ಒಂದರಿಂದ ಇನ್ನೊಂದಕ್ಕೆ ಅಂತ ಹೋದ್ರೆ ಒಂದೊಂದ್ರಲ್ಲಿ 0.2 ತಪ್ಪಿದ್ರೂ 22 ಫ್ರೆಟ್‌ಗೆ 4 ಮಿ.ಮೀ. ದಾಟುತ್ತೆ. ವೀಣೆ ಮೇಳ ಕಟ್ಟೋರು ಮೇಣದಲ್ಲಿ ಮೆಟ್ಟಿಲು ಕೂರಿಸಿ ಕಿವಿಯಿಂದ ಕೇಳ್ಕೊಂಡು ಸರಿಸ್ತಾರೆ, ನಮಗೆ ಆ ಭಾಗ್ಯ ಇಲ್ಲ, ಗರಗಸ ಇಟ್ಟ ಮೇಲೆ ಮುಗೀತು.

ಬ್ರಿಜ್ ಗೆರೆನೂ ಪೂರ್ತಿ ನೇರ ಅಲ್ಲ. ತಂತಿ ಒತ್ತಿದ್ರೆ ಎಳೆದು ಸ್ವರ ಏರುತ್ತೆ, ದಪ್ಪ ತಂತೀಲಿ ಇನ್ನೂ ಜಾಸ್ತಿ, ಅದಕ್ಕೇ ದಪ್ಪ ಇ ತಂತಿಯ ಸ್ಯಾಡಲ್ (ಬ್ರಿಜ್ಜಲ್ಲಿ ತಂತಿ ಕೂರೋ ತುಂಡು) ಒಂದು 3-4 ಮಿ.ಮೀ. ಹಿಂದಕ್ಕೆ ಹೋಗೋಕೆ ಜಾಗ ಬೇಕು.

ಆಮೇಲೆ ಎರಡು ಹೊರತಂತಿಗಳನ್ನ ಡ್ರಾಯಿಂಗಲ್ಲೇ ಎಳೀರಿ, ಇದನ್ನ ಯಾರೂ ಮಾಡಲ್ಲ. 42 ಮಿ.ಮೀ. ನಟ್ಟಲ್ಲಿ ಹೊರತಂತಿಗಳ ನಡುವಿನ ಅಗಲ 35, ಹಳೇ ಮಾದರಿ ಟೆಲಿ ಬ್ರಿಜ್ಜಲ್ಲಿ 54 ಅಂತ ಇಟ್ಕೊಂಡ್ರೆ 21ನೇ ಫ್ರೆಟ್ ಹತ್ರ 48.35 ಬರುತ್ತೆ, ನೆಕ್ಕಿನ ಹೀಲ್ (ಬಾಡಿಗೆ ಕೂರೋ ತುದಿ) 56 ಇದ್ರೆ ಎರಡೂ ಕಡೆ 3 ಮಿ.ಮೀ. ಮೇಲೆ ಉಳಿಯುತ್ತೆ, ತಂತಿ ಅಂಚಿಂದ ಜಾರಲ್ಲ. ಅಗಲ ಬ್ರಿಜ್ ಕೊಂಡಿದ್ರೆ ಎಡವಟ್ಟು ಪೇಪರಲ್ಲೇ ಗೊತ್ತಾಗುತ್ತೆ, ಮರ ಉಳಿಯುತ್ತೆ. ಮತ್ತೆ, ಬ್ರಿಜ್, ಪಿಕಪ್ ಎಲ್ಲಾ ಕೈಗೆ ಬಂದ ಮೇಲೆ ವರ್ನಿಯರಲ್ಲಿ ಅಳೆದೇ ಡ್ರಾಯಿಂಗ್ ಮಾಡಿ, ವೆಬ್‌ಸೈಟಿನ ಅಳತೆ ನಂಬಬೇಡಿ.

ಪ್ರಿಂಟಿಗೆ 'ಆಕ್ಚುಅಲ್ ಸೈಜ್' ಹೇಳಿ, ಡ್ರಾಯಿಂಗಲ್ಲೇ ಉದ್ದಕ್ಕೊಂದು ಅಡ್ಡಕ್ಕೊಂದು 300 ಮಿ.ಮೀ. ಗೆರೆ ಹಾಕಿಡಿ, ಅಂಗಡಿ ಬಿಡೋ ಮುಂಚೆ ಎರಡನ್ನೂ ಅಳೀರಿ, ಒಂದೇ ಕಡೆ ಎಳ್ಕೊಳ್ಳೋ ಮಷೀನುಗಳೂ ಇವೆ. ಬಾಡಿ ಎ2 ಹಾಳೇಲಿ ಹಿಡಿಯುತ್ತೆ, ಎ4 ಹಾಳೆ ಅಂಟಿಸೋ ಸರ್ಕಸ್ ಯಾಕೆ. ಟೆಂಪ್ಲೇಟ್ ಮಾಡೋಕೆ ಅದನ್ನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮೇಲೆ ಅಂಟಿಸುವಾಗ ಸ್ಪ್ರೇ ಗಮ್ ಹಾಕಿ, ನೀರಿನ ಗೋಂದು ಹಚ್ಚಿದ್ರೆ ಪೇಪರ್ ಉಬ್ಬುತ್ತೆ, ಅಳತೆ ಕೆಡುತ್ತೆ.

ಟೆಂಪ್ಲೇಟಿಗೆ, ಅಂದ್ರೆ ಮರ ಕೊರೆಯೋ ರೂಟರ್ ಮಷೀನಿಗೆ ದಾರಿ ತೋರಿಸೋ ಅಚ್ಚಿಗೆ, ನಾನು 12 ಮಿ.ಮೀ. ಎಂಡಿಎಫ್ ಬಳಸ್ತೀನಿ, 6 ಮಿ.ಮೀ.ದಾದ್ರೆ ರೂಟರ್ ಬಿಟ್ಟಿನ ಬೇರಿಂಗ್ ಓಡೋಕೆ ಅಂಚೇ ಸಾಲಲ್ಲ. ಗೆರೆಯಿಂದ ಒಂದು ಮಿ.ಮೀ. ಆಚೆ ಕಟ್ ಮಾಡಿ, ಆಮೇಲೆ ಉಜ್ಜಿ ಗೆರೆಗೆ ತನ್ನಿ, ಕಣ್ಣು ಮುಚ್ಕೊಂಡು ಬೆರಳು ಆಡಿಸಿ. ಬೆರಳಿಗೆ ಸಿಕ್ಕ ತಗ್ಗನ್ನ ಬೇರಿಂಗ್ ಬಿಡಲ್ಲ, ಹಂಗೇ ಮರಕ್ಕೆ ಇಳಿಸುತ್ತೆ. ನಡುಗೆರೆನ ಟೆಂಪ್ಲೇಟಿನ ಎರಡೂ ತುದಿವರೆಗೆ ಗೀರಿ, ಪೆನ್ಸಿಲ್ ಅಲ್ಲ, ಚಾಕುವಲ್ಲಿ.

ನೆಕ್ ಪಾಕೆಟ್ (ಬಾಡಿಯಲ್ಲಿ ನೆಕ್ ಕೂರೋ ಗುಂಡಿ) ಮಾತ್ರ ಡ್ರಾಯಿಂಗ್ ನೋಡಿ ಫೈನಲ್ ಮಾಡ್ಬೇಡಿ. ನಿಜವಾದ ನೆಕ್ಕನ್ನೇ ನಡುಗೆರೆ ಮೇಲಿಟ್ಟು, ಸುತ್ತ ಪಟ್ಟಿ ಕಟ್ಟಿ ಆ ಟೆಂಪ್ಲೇಟ್ ಮಾಡಿ, ವೇಸ್ಟ್ ಪ್ಲೈವುಡ್ಡಲ್ಲಿ 16 ಮಿ.ಮೀ. ಆಳ ಹೊಡೆದು ನೋಡಿ. ಸ್ಕ್ರೂ ಇಲ್ದೇನೇ ನೆಕ್ ಹಿಡಿದು ಎತ್ತಿದ್ರೆ ಪ್ಲೈವುಡ್ ತುಂಡೂ ಜೊತೆಗೇ ಮೇಲೆ ಬರಬೇಕು. ಬರಲಿಲ್ಲ ಅಂದ್ರೆ ಇನ್ನೊಂದು ಎಂಡಿಎಫ್ ತುಂಡು ತಗೊಂಡು ಮತ್ತೆ ಶುರು ಮಾಡಿ, ಆ ಹುಡುಗನೂ ಈಗ ಮೂರನೇ ತುಂಡಲ್ಲಿದ್ದಾನೆ.