ಪದ ಪರಿಚಯ: ಮಲೇರಿಯಾ ಹಾಟ್‌ಸ್ಪಾಟ್

ಮಲೇರಿಯಾ ಊರಿನ ಎಲ್ಲಾ ಕಡೆ ಒಂದೇ ಸಮ ಹರಡುವುದಿಲ್ಲ. ಕೆಲವು ಬೀದಿಗಳಲ್ಲಿ, ಕೆಲವು ತಿಂಗಳು, ಗುಂಪುಗುಂಪಾಗಿ ಬರುತ್ತದೆ. ಸುತ್ತಮುತ್ತಲಿಗಿಂತ ಸೋಂಕು ತಗಲುವ ಅಪಾಯ ಜಾಸ್ತಿ ಇರುವ ಇಂಥ ಜಾಗ ಮತ್ತು ಅವಧಿಯನ್ನು ಹಾಟ್‌ಸ್ಪಾಟ್ ಅನ್ನುತ್ತಾರೆ. ಬರೀ ಜಾಗ ಹೇಳಿದರೆ ಸಾಲದು, ಯಾವಾಗ ಅನ್ನುವುದೂ ಬೇಕು. ಟಿವಿಯಲ್ಲಿ ತೋರಿಸುವ ಕೆಂಪು ನಕ್ಷೆಗಳಲ್ಲಿ ಬಿಟ್ಟುಹೋಗುವುದು ಇದೇ.

ಮಂಗಳೂರನ್ನೇ ನೋಡಿ. ನಮ್ಮ ದೇಶದ ನಗರಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಸ್ಟಿಫೆನ್ಸಿ. ಇದಕ್ಕೆ ಕೊಳಚೆ ಮೋರಿಗಿಂತ ತಿಳಿನೀರೇ ಇಷ್ಟ. ಮುಚ್ಚಳ ಸರಿಯಿಲ್ಲದ ಓವರ್‌ಹೆಡ್ ಟ್ಯಾಂಕ್, ಬಾವಿ, ಹೊಸ ಸ್ಲ್ಯಾಬ್ ಮೇಲೆ ಕ್ಯೂರಿಂಗ್‌ಗೆಂದು ನಿಲ್ಲಿಸಿದ ನೀರು, ಲಿಫ್ಟ್ ಗುಂಡಿ, ಎಲ್ಲಿ ಬೇಕಾದರೂ ಮೊಟ್ಟೆ ಇಡುತ್ತದೆ. ಕಟ್ಟಡ ಏಳುತ್ತಿರುವ ಸೈಟು, ಪಕ್ಕದಲ್ಲೇ ಕಾರ್ಮಿಕರ ಶೆಡ್ಡು, ಮೇಲಿಂದ ಜೂನ್ ಮಳೆ: ಸೊಳ್ಳೆಗೆ ಇನ್ನೇನು ಬೇಕು? ಹೊರಗಿಂದ ಬಂದ ಕೂಲಿಯವರೇ ರೋಗ ತಂದರು ಅನ್ನುವ ಮಾತು ಸುಲಭವಾಗಿ ಬಂದುಬಿಡುತ್ತದೆ. ಆದರೆ ಸೊಳ್ಳೆಪರದೆ ಇಲ್ಲದೆ ಆ ನೀರಿನ ಪಕ್ಕ ಮಲಗುವವರೂ ಅವರೇ ಅಲ್ವಾ? 2015ರಲ್ಲಿ ಮಂಗಳೂರಲ್ಲಿ ಆರೋಗ್ಯ ಸಿಬ್ಬಂದಿ ಟ್ಯಾಬ್ ಹಿಡಿದು ರೋಗಿಗಳಿದ್ದ ಜಾಗವನ್ನೇ ನಕ್ಷೆಯಲ್ಲಿ ಗುರುತಿಸುವ ವ್ಯವಸ್ಥೆ ಶುರುವಾಯಿತು.

ಹಾಗಂತ ನಕ್ಷೆಯಲ್ಲಿ ಚುಕ್ಕಿ (ಒಂದೊಂದು ಚುಕ್ಕಿ ಅಂದರೆ ಒಬ್ಬೊಬ್ಬ ರೋಗಿ) ಜಾಸ್ತಿ ಇದ್ದ ಕಡೆಯೆಲ್ಲ ಹಾಟ್‌ಸ್ಪಾಟ್ ಅಲ್ಲ. ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ವಾರ್ಡಿನಲ್ಲಿ 20,000 ಜನ, 40 ಮಂದಿಗೆ ಜ್ವರ. ಅಂದರೆ ಸಾವಿರಕ್ಕೆ 2. ಇನ್ನೊಂದು ಕಡೆ 200 ಜನ ಇರುವ ಶೆಡ್ಡುಗಳ ಸಾಲಿನಲ್ಲಿ 10 ಮಂದಿಗೆ ಜ್ವರ. ಅಂದರೆ ಸಾವಿರಕ್ಕೆ 50. ನಕ್ಷೆಯಲ್ಲಿ ಕಣ್ಣಿಗೆ ಹೊಡೆಯುವುದು ಮೊದಲನೆಯದು, ಅಪಾಯ ಇರುವುದು ಎರಡನೆಯದರಲ್ಲಿ. ಇನ್ನೊಂದು ಎಡವಟ್ಟು ಇದೆ. ಹತ್ತಿರದಲ್ಲೇ ಒಳ್ಳೆ ಲ್ಯಾಬ್ ಇದ್ದರೆ ರಕ್ತ ಪರೀಕ್ಷೆ ಜಾಸ್ತಿ ಆಗುತ್ತದೆ, ಚುಕ್ಕಿಗಳೂ ಜಾಸ್ತಿ ಬೀಳುತ್ತವೆ. ಪರೀಕ್ಷೆಯೇ ಆಗದ ಕಡೆ ನಕ್ಷೆ ಬೆಳ್ಳಗೆ ಕಾಣುತ್ತದೆ.

ಇದನ್ನು ಸರಿಯಾಗಿ ಅಳೆಯಲು ಸಂಖ್ಯಾಶಾಸ್ತ್ರಜ್ಞ ಮಾರ್ಟಿನ್ ಕುಲ್‌ಡಾರ್ಫ್ ರೂಪಿಸಿದ ಸ್ಕ್ಯಾನ್ ವಿಧಾನವನ್ನು ತುಂಬಾ ಕಡೆ ಬಳಸುತ್ತಾರೆ. ಅದರ ಸಾಫ್ಟ್‌ವೇರ್ ಹೆಸರು ಸ್ಯಾಟ್‌ಸ್ಕ್ಯಾನ್. ನಕ್ಷೆಯ ಮೇಲೆ ನೀರಿನ ಡ್ರಮ್ ನಿಲ್ಲಿಸಿದ ಹಾಗೆ ಊಹಿಸಿಕೊಳ್ಳಿ. ಡ್ರಮ್ಮಿನ ತಳ ಜಾಗ, ಎತ್ತರ ಕಾಲ. ತಳವನ್ನು ಹಿಗ್ಗಿಸುತ್ತಾ, ಎತ್ತರ ಬದಲಿಸುತ್ತಾ ಇಡೀ ಊರಿನ ಮೇಲೆ ಸರಿಸಿಕೊಂಡು ಹೋಗುತ್ತಾರೆ. ಪ್ರತಿ ಸಲವೂ ಒಂದೇ ಪ್ರಶ್ನೆ: ಇಷ್ಟು ಜನಸಂಖ್ಯೆಗೆ, ಇಷ್ಟು ದಿನಕ್ಕೆ ಎಷ್ಟು ಪ್ರಕರಣ ಬರಬೇಕಿತ್ತು, ಎಷ್ಟು ಬಂದಿದೆ? ಆಮೇಲೆ ಕಂಪ್ಯೂಟರ್ ಅದೇ ಪ್ರಕರಣಗಳನ್ನು ಮನಬಂದಂತೆ ಕಲೆಸಿ ಹಂಚುತ್ತದೆ, ಸಾಮಾನ್ಯವಾಗಿ 999 ಸಲ. ಅಷ್ಟೂ ಸಲ ಸಿಕ್ಕ ಗುಂಪುಗಳಲ್ಲಿ ನಿಜವಾದ ಗುಂಪಿನಷ್ಟು ಗಟ್ಟಿಯಾದದ್ದು ತೀರಾ ಅಪರೂಪ ಅಂತಾದರೆ, ಅದು ಕಾಕತಾಳೀಯ ಅಲ್ಲ ಅಂತ ಇಟ್ಟುಕೊಳ್ಳುತ್ತಾರೆ.

ಕಾಲದ ಲೆಕ್ಕ ಇನ್ನೂ ತೊಡಕಿನದು. ರೋಗಿಯ ರಕ್ತ ಕುಡಿದ ಸೊಳ್ಳೆಯೊಳಗೆ ಪರಾವಲಂಬಿ (ಮಲೇರಿಯಾದ ರೋಗಾಣು) ಬಲಿಯಲು ಹತ್ತು ದಿನದ ಆಸುಪಾಸು ಬೇಕು. ಆ ಸೊಳ್ಳೆ ಕಚ್ಚಿದ ಮೇಲೆ ಜ್ವರ ಬರಲು ಮತ್ತೆ ಎರಡು ವಾರದಷ್ಟು. ಹಾಗಾಗಿ ಈ ವಾರದ ಚುಕ್ಕಿ ಈ ವಾರದ ಸೊಳ್ಳೆಯದಲ್ಲ. ಜೂನ್‌ನಲ್ಲಿ ನಿಂತ ನೀರಿನ ಫಲ ಜುಲೈ, ಆಗಸ್ಟ್‌ನಲ್ಲಿ ಕಾಣುತ್ತದೆ. ಆಗ ಅದೇ ಟ್ಯಾಂಕ್ ನೋಡಿ ಬಂದು ಸೊಳ್ಳೆ ಮರಿಯೇ ಇಲ್ಲ ಅಂದರೆ ಏನೂ ಹೇಳಿದಂತಾಗಲಿಲ್ಲ.

ವೈವ್ಯಾಕ್ಸ್ ಅನ್ನುವ ಬಗೆಯ ಮಲೇರಿಯಾದಲ್ಲಂತೂ ಪರಾವಲಂಬಿ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಮತ್ತೆ ಏಳಬಹುದು. ಬೇರೆಲ್ಲೋ ಕಚ್ಚಿಸಿಕೊಂಡವರಿಗೆ ಇಲ್ಲಿ ಚಳಿ ಹಿಡಿಯುತ್ತದೆ, ಚುಕ್ಕಿ ಇಲ್ಲಿ ಬೀಳುತ್ತದೆ. ಅದಕ್ಕೇ ಮನೆಗೆ ಬರುವ ಸಿಬ್ಬಂದಿ ಬರೀ ವಿಳಾಸ ಬರೆದುಕೊಂಡು ಹೋದರೆ ಆಗುವುದಿಲ್ಲ. ಕಳೆದೊಂದು ತಿಂಗಳಲ್ಲಿ ರಾತ್ರಿ ಎಲ್ಲೆಲ್ಲಿ ಮಲಗಿದ್ದಿರಿ, ಹಿಂದೆ ಮಲೇರಿಯಾ ಬಂದಿತ್ತಾ, ಹಾಗೆ ಮಲಗಿರುವ ಪರಾವಲಂಬಿಯನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆ 14 ದಿನ ಪೂರ್ತಿ ನುಂಗಿದ್ರಾ ಅಂತ ಕೇಳಬೇಕು. ಆ ಉತ್ತರ ನೋಡಿಕೊಂಡೇ ಪ್ರಕರಣವನ್ನು ಈ ಬೀದಿಯ ಲೆಕ್ಕಕ್ಕೆ ಸೇರಿಸಬೇಕೋ, ಬೇರೆ ಊರಿನದೆಂದು ಬರೆಯಬೇಕೋ ಅಂತ ತೀರ್ಮಾನಿಸುತ್ತಾರೆ.