ಟೆಹರಾನಿನ ಗಡಿಯಾರ ಕಾರ್ಖಾನೆ, ಮಂಗಳೂರಿನ ಕಚ್ಚಾ ತೈಲ

2013ರ ಏಪ್ರಿಲ್‌ನಲ್ಲಿ ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ಇರಾನಿನಿಂದ ತೈಲ ತರಿಸುವುದನ್ನು ಕೆಲವು ತಿಂಗಳ ಮಟ್ಟಿಗೆ ನಿಲ್ಲಿಸಿತು. ತೈಲಕ್ಕೆ ಬರ ಇರಲಿಲ್ಲ. ಇರಾನ್ ತೈಲ ಬಳಸುವ ರಿಫೈನರಿಗೆ ವಿಮೆಯ ಹೊಣೆ ಹೊರಲು ಯುರೋಪಿನ ಕಂಪನಿಗಳು ಒಪ್ಪಲಿಲ್ಲ, ಅಷ್ಟೇ. ನಮ್ಮ ದೇಶದಲ್ಲಿ ಇರಾನ್ ತೈಲವನ್ನು ಜಾಸ್ತಿ ಕೊಳ್ಳುತ್ತಿದ್ದವರಲ್ಲಿ ಎಂಆರ್‌ಪಿಎಲ್ ಕೂಡ ಒಂದು. ಹಾಗಾಗಿ ಬಿಸಿ ನೇರವಾಗಿ ಇಲ್ಲಿಗೇ ತಟ್ಟಿತು. ಇದರ ಮೂಲ ಹುಡುಕಿದರೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅಣ್ವಸ್ತ್ರ ಮಾಡುವುದಿಲ್ಲ ಎಂಬ ಒಪ್ಪಂದಕ್ಕೆ ಇರಾನ್ 1970ರಿಂದಲೂ ಬದ್ಧ. ಆದರೆ ನತಾಂಜ್‌ನಲ್ಲಿ ಅದು ಗುಟ್ಟಾಗಿ ಯುರೇನಿಯಂ ಸಂವರ್ಧನೆಯ, ಅಂದರೆ ಯುರೇನಿಯಂನಲ್ಲಿ ಅಣುಶಕ್ತಿಗೆ ಬೇಕಾದ ಅಂಶ ಹೆಚ್ಚಿಸುವ, ಸ್ಥಾವರ ಕಟ್ಟುತ್ತಿರುವುದು 2002ರ ಆಗಸ್ಟ್‌ನಲ್ಲಿ ಹೊರಬಿತ್ತು. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗಾರರು ಬಂದರು. ಅವರ ಕಣ್ಣು ಟೆಹರಾನಿನ ಕಲಾಯೆ ಎಲೆಕ್ಟ್ರಿಕ್ ಮೇಲೆ ಬಿತ್ತು. ಹೊರಗಿನ ಲೆಕ್ಕಕ್ಕೆ ಅದು ಗಡಿಯಾರ ಮಾಡುವ ಕಂಪನಿ. ಒಳಗೆ ಹೋಗಿ ಮಾದರಿ ತೆಗೆಯಲು ಕೇಳಿದರೆ ತಿಂಗಳುಗಟ್ಟಲೆ ಬಿಡಲಿಲ್ಲ. 2003ರ ಆಗಸ್ಟ್‌ನಲ್ಲಿ ಬಿಟ್ಟರು. ಅಷ್ಟರಲ್ಲಿ ಕಟ್ಟಡದ ಒಳಭಾಗವನ್ನೇ ಬದಲಿಸಿಯಾಗಿತ್ತು.

ಆದರೂ ಸಿಕ್ಕಿಬಿದ್ದರು. ತಪಾಸಣೆಗಾರರ ಹತ್ತಿರ ಇದ್ದದ್ದು ಕರ್ಚೀಫಿಗಿಂತ ಚಿಕ್ಕದಾದ ಹತ್ತಿ ಬಟ್ಟೆ. ಅದರಿಂದ ಗೋಡೆ, ನೆಲ, ಮೂಲೆಗಳನ್ನು ಒರೆಸುತ್ತಾರೆ. ಚೀಲದಲ್ಲಿ ಮುಚ್ಚಿ ಲ್ಯಾಬಿಗೆ ಕಳಿಸುತ್ತಾರೆ. ಕಣ್ಣಿಗೆ ಕಾಣದ ಒಂದು ಕಣ ಅಂಟಿದ್ದರೂ ಸಾಕು, ಯುರೇನಿಯಂ ಯಾವ ಮಟ್ಟದ್ದು ಎಂದು ಗೊತ್ತಾಗುತ್ತದೆ. ಕಲಾಯೆಯ ಬಟ್ಟೆಯಲ್ಲಿ ಹೆಚ್ಚು ಸಂವರ್ಧಿತ ಯುರೇನಿಯಂ ಕಂಡಿತು. ಹೊರದೇಶದಿಂದ ತಂದ ಯಂತ್ರಭಾಗಗಳ ಜೊತೆ ಬಂದ ಕೊಳೆ ಅದು ಎಂದಿತು ಇರಾನ್. ಅದು ಬಹುಪಾಲು ನಿಜವೇ. ಭಾಗಗಳು ಬಂದಿದ್ದು ಪಾಕಿಸ್ತಾನದ ಅಣುವಿಜ್ಞಾನಿ ಎ.ಕ್ಯೂ. ಖಾನ್‌ನ ಕಳ್ಳಸಾಗಣೆ ಜಾಲದಿಂದ. ಆದರೆ ಕಲಾಯೆಯಲ್ಲಿ ಯುರೇನಿಯಂ ಹಾಕಿ ಸೆಂಟ್ರಿಫ್ಯೂಜ್ (ಜೋರಾಗಿ ತಿರುಗಿ ಯುರೇನಿಯಂ ಸಂವರ್ಧಿಸುವ ಯಂತ್ರ) ಓಡಿಸಿಯೇ ಇಲ್ಲ ಎಂದು ಮೊದಲು ಹೇಳಿದ್ದು ಸುಳ್ಳು. ಅದೇ ಅಕ್ಟೋಬರ್‌ನಲ್ಲಿ ಇರಾನೇ ಒಪ್ಪಿಕೊಂಡಿತು. ನನ್ನ ಪ್ರಕಾರ ನಂಬಿಕೆ ಕೆಟ್ಟದ್ದು ಅಲ್ಲೇ. ಆಮೇಲೆ ನಿಜ ಹೇಳಿದರೂ ಯಾರು ನಂಬುತ್ತಾರೆ, ಅಲ್ವಾ?

ಮುಂದಿನದ್ದು ಗೊತ್ತಿರುವ ಕಥೆ. 2005ರ ಸೆಪ್ಟೆಂಬರ್‌ನಲ್ಲಿ ಸಂಸ್ಥೆಯ ಮಂಡಳಿ ಇರಾನ್ ನಿಯಮ ಮುರಿದಿದೆ ಎಂದಿತು. ಭಾರತವೂ ಇರಾನ್ ವಿರುದ್ಧವೇ ಮತ ಹಾಕಿತು. ಆಗ ದೆಹಲಿಗೆ ಅಮೆರಿಕದ ಜೊತೆ ಅಣು ಒಪ್ಪಂದದ ತರಾತುರಿ ಇತ್ತು ಅನ್ನೋದು ಬೇರೆ ಮಾತು. 2006ರಲ್ಲಿ ವಿಷಯ ಭದ್ರತಾ ಮಂಡಳಿಗೆ ಹೋಯಿತು. 2012ರಲ್ಲಿ ಯುರೋಪು ಇರಾನ್ ತೈಲಕ್ಕೂ ಅದರ ವಿಮೆಗೂ ಕತ್ತರಿ ಹಾಕಿತು. ಮಂಗಳೂರಿಗೆ ಪೆಟ್ಟು ಬಿದ್ದದ್ದು ಹೀಗೆ.

ಅಮೆರಿಕ ಮತ್ತು ಇತರ ದೊಡ್ಡ ದೇಶಗಳ ಜೊತೆ ಇರಾನ್ ಮಾಡಿಕೊಂಡ 2015ರ ಅಣು ಒಪ್ಪಂದದಿಂದ ಬಾಗಿಲು ತೆರೆಯಿತು. ತಪಾಸಣೆ ಬಿಗಿಯಾಯಿತು, ಕ್ಯಾಮೆರಾಗಳು ಬಂದವು, ನಿರ್ಬಂಧ ಸಡಿಲಾಯಿತು. 2016ರಲ್ಲಿ ಮಂಗಳೂರು ಬಳಿಯ ಪೆರ್ಮುದೆಯ ನೆಲದಡಿಯ ತೈಲ ಸಂಗ್ರಹಾಗಾರಕ್ಕೆ ಮೊದಲು ಬಂದದ್ದೂ ಇರಾನಿನ ತೈಲವೇ. ಆ ಬಂಡೆಗುಹೆಗಳಲ್ಲಿ 15 ಲಕ್ಷ ಟನ್ ಹಿಡಿಯುತ್ತದೆ.

ಈ ಬಾರಿ ಕೆಡಿಸಿದ್ದು ಟೆಹರಾನ್ ಅಲ್ಲ, ವಾಷಿಂಗ್ಟನ್. ಇರಾನ್ ಮಾತಿಗೆ ತಪ್ಪಿಲ್ಲ ಎಂದು ತಪಾಸಣೆಗಾರರು ಮತ್ತೆಮತ್ತೆ ವರದಿ ಕೊಡುತ್ತಿದ್ದರೂ 2018ರ ಮೇನಲ್ಲಿ ಟ್ರಂಪ್ ಒಪ್ಪಂದದಿಂದ ಹೊರನಡೆದರು. ಅಮೆರಿಕ ಮತ್ತೆ ಹೇರಿದ ನಿರ್ಬಂಧದಿಂದ ಭಾರತಕ್ಕಿದ್ದ ವಿನಾಯಿತಿ 2019ರ ಮೇನಲ್ಲಿ ಮುಗಿಯಿತು. ಇಲ್ಲಿಗೆ ಬರುತ್ತಿದ್ದ ಇರಾನ್ ತೈಲವೂ ನಿಂತಿತು.

ಇದಕ್ಕೆ ಇರಾನ್ ಸೇಡು ತೀರಿಸಿಕೊಂಡದ್ದು ತಪಾಸಣೆಯ ಮೇಲೆ. 2021ರಲ್ಲಿ ಹಠಾತ್ ಭೇಟಿಗಳಿಗೆ ತಡೆ ಹಾಕಿತು. 2022ರ ಜೂನ್‌ನಲ್ಲಿ 27 ಕ್ಯಾಮೆರಾ ತೆಗೆಸಿತು. ಕ್ಯಾಮೆರಾ ಇಲ್ಲದ ಆ ಅವಧಿಯಲ್ಲಿ ಎಷ್ಟು ಸೆಂಟ್ರಿಫ್ಯೂಜ್ ತಯಾರಾದವು ಎಂಬ ಲೆಕ್ಕ ಮತ್ತೆ ಸಿಗುವಂಥದ್ದಲ್ಲ. 2025ರ ಜೂನ್ 12ರಂದು ಅಣುಶಕ್ತಿ ಸಂಸ್ಥೆಯ ಮಂಡಳಿ ಮತ್ತೆ ಇರಾನನ್ನು ತಪ್ಪಿತಸ್ಥ ಎಂದಿತು. ಮರುದಿನವೇ ಇಸ್ರೇಲಿನ ದಾಳಿ, 22ಕ್ಕೆ ಅಮೆರಿಕದ್ದು. ಜುಲೈನಲ್ಲಿ ಇರಾನ್ ಸಂಸ್ಥೆಯ ಜೊತೆ ಸಹಕಾರವನ್ನೇ ನಿಲ್ಲಿಸಿತು. ದಾಳಿಯ ಹೊತ್ತಿಗೆ ಅದರ ಬಳಿ ಶೇ. 60 ಸಂವರ್ಧಿತ ಯುರೇನಿಯಂ ಸುಮಾರು 440 ಕಿಲೋ ಇತ್ತೆಂದು ಸಂಸ್ಥೆಯ ಅಂದಾಜು. ಬಾಂಬಿಗೆ ಬೇಕಾದ್ದು ಶೇ. 90ರ ಮಟ್ಟದ್ದು, ಅಲ್ಲಿಗೆ ಉಳಿದಿರುವ ದಾರಿ ಬಹಳ ಚಿಕ್ಕದು. ಆ 440 ಕಿಲೋವನ್ನು ಎಣಿಸಿ ನೋಡಲು ಬಾಂಬುಗಳು ಬಿದ್ದ ಮೇಲೆ ತಪಾಸಣೆಗಾರರನ್ನು ಒಳಗೆ ಬಿಡಲಿಲ್ಲ.