ಅಪರೂಪದ ಕಾರು, ಸಿಗುವ ಬಿಡಿಭಾಗ: ಎಂಜಿಸಿ ಕಲಿಸುವ ಪಾಠ

ಹಳೆಯ ಬ್ರಿಟಿಷ್ ಕಾರನ್ನು ಅಳೆಯುವಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಿಕೊಳ್ಳಬೇಕು. ಇಂಥವು ಎಷ್ಟು ತಯಾರಾದವು? ಇದನ್ನು ಮತ್ತೆ ರಸ್ತೆಗಿಳಿಸಲು ಆದೀತೇ? ಮೊದಲನೆಯದಕ್ಕೆ ಸಣ್ಣ ಸಂಖ್ಯೆ ಸಿಕ್ಕರೆ ಎರಡನೆಯದಕ್ಕೆ ‘ಕಷ್ಟ’ ಎಂದು ನಾವೇ ಉತ್ತರ ಬರೆದುಬಿಡುತ್ತೇವೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು ಎಂಜಿಸಿಯ ಬಗ್ಗೆ ಓದಿಕೊಂಡ ಮೇಲೆ ಆ ಲೆಕ್ಕ ಬಿಟ್ಟೆ.

(ಹಳೆಯದನ್ನೆಲ್ಲ ನಾವು ವಿಂಟೇಜ್ ಅನ್ನುತ್ತೇವೆ. ಬ್ರಿಟನ್ನಿನಲ್ಲಿ ಆ ಮಾತು ಕಟ್ಟುನಿಟ್ಟಾಗಿ 1919ರಿಂದ 1930ರವರೆಗಿನ ಕಾರುಗಳಿಗೆ ಸಲ್ಲುತ್ತದೆ. ಎಂಜಿಸಿ ಅಲ್ಲಿ ಕ್ಲಾಸಿಕ್.)

ಆಕ್ಸ್‌ಫರ್ಡ್ ಬಳಿಯ ಆಬಿಂಗ್‌ಡನ್ ಕಾರ್ಖಾನೆಯಲ್ಲಿ ಎಂಜಿಸಿ ತಯಾರಾದದ್ದು 1967ರಿಂದ 1969ರವರೆಗೆ ಮಾತ್ರ. ಒಟ್ಟು ಸುಮಾರು 9,000 ಕಾರು. ತೆರೆದ ರೋಡ್‌ಸ್ಟರ್, ಮುಚ್ಚಿದ ಜಿಟಿ ಹೆಚ್ಚುಕಡಿಮೆ ಅರ್ಧರ್ಧ. ಅದೇ ಮೈಕಟ್ಟಿನ ಎಂಜಿಬಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಬಂತು. ಬಾಗಿಲು, ಹಿಂಭಾಗದ ತಗಡು, ಸಿಲ್ (ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆ), ಗಾಜು ಇವುಗಳಲ್ಲಿ ಬಹುಪಾಲು ಎರಡಕ್ಕೂ ಒಂದೇ. ವಿಟ್ನಿಯ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಹಳೆಯ ಅಚ್ಚುಗಳಲ್ಲೇ ಎಂಜಿಬಿಯ ಹೊಸ ಬಾಡಿ ಒತ್ತಿ ಕೊಡುತ್ತಿದೆ. ಅಂದರೆ ಎಂಜಿಸಿಯ ತುಕ್ಕಿಗೆ ಬೇಕಾದ ತಗಡು ಎಂಜಿಬಿಯ ದೆಸೆಯಿಂದ ಸಿಗುತ್ತದೆ.

ಇದಕ್ಕೆ ಎದುರಾಗಿ ಜೋವೆಟ್ ಜುಪಿಟರ್ ಇಟ್ಟು ನೋಡಿ. ಬ್ರಾಡ್‌ಫರ್ಡ್‌ನಲ್ಲಿ ತಯಾರಾದದ್ದು ಸುಮಾರು 900. ಕೊಳವೆಗಳ ಚಾಸಿ, ಅಲ್ಯೂಮಿನಿಯಂ ಮೈ, 1,486 ಸಿಸಿಯ ಮಲಗಿದ ನಾಲ್ಕು ಸಿಲಿಂಡರ್ ಇಂಜಿನ್. 1954ರಲ್ಲಿ ಆ ಕಂಪನಿಯ ಕಾರು ತಯಾರಿಕೆಯೇ ನಿಂತಿತು. ಅದರ ಒಂದು ಮಡ್‌ಗಾರ್ಡ್ ಹಾಳಾದರೆ ತಗಡು ಬಡಿದು ರೂಪ ಕೊಡಬಲ್ಲ ನುರಿತ ಕೈಯೇ ಬೇಕು. ಹಾಗಾಗಿ ಎಷ್ಟು ತಯಾರಾದವು ಎಂದು ಕೇಳಿದ ಕೂಡಲೇ, ಯಾವುದರ ಜೊತೆ ಭಾಗ ಹಂಚಿಕೊಂಡಿದೆ ಎಂದೂ ಕೇಳಿ. ದುರಸ್ತಿಯ ಮಟ್ಟಿಗೆ ಈ ಭಾಗ ಹಂಚಿಕೆಯ ಪ್ರಶ್ನೆಯೇ ಹೆಚ್ಚು ತೂಕದ್ದು.

ಎಂಜಿಸಿಗೆ ತನ್ನದೇ ಆದದ್ದು ಮುಂಭಾಗ. 2,912 ಸಿಸಿಯ ಆರು ಸಿಲಿಂಡರ್ ಸಿ-ಸೀರೀಸ್ ಇಂಜಿನ್. ಎಂಜಿಬಿಯ ಇಂಜಿನ್‌ಗಿಂತ 90 ಕೆಜಿಗೂ ಹೆಚ್ಚು ಭಾರ. ಅದನ್ನು ಕೂರಿಸಲು ಮುಂದಿನ ಸುರುಳಿ ಸ್ಪ್ರಿಂಗ್ ತೆಗೆದು, ಉದ್ದಕ್ಕೂ ಹಿಂದೆ ಚಾಚುವ ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು) ಹಾಕಿದರು. ನೆಲದ ತಗಡೂ ಬದಲಾಯಿತು. (ನಮ್ಮ ಅಂಬಾಸಿಡರ್‌ನ 1,489 ಸಿಸಿ ಇಂಜಿನ್ ಎಂಜಿಬಿಯ ಬಿ-ಸೀರೀಸ್ ಕುಟುಂಬದ್ದು. ಅಂಬಾಸಿಡರ್ ಬಿಚ್ಚಿದ ಮೆಕ್ಯಾನಿಕ್‌ಗೆ ಎಂಜಿಬಿ ಗುರುತು ಹತ್ತುತ್ತದೆ, ಎಂಜಿಸಿ ಹತ್ತುವುದಿಲ್ಲ.) ಬಾನೆಟ್ ಅಲ್ಯೂಮಿನಿಯಂ, ಮೇಲೆ ದೊಡ್ಡ ಉಬ್ಬು. ಚಕ್ರ 14ರ ಬದಲು 15 ಇಂಚು. ಆದರೆ ಬಾನೆಟ್ಟು, ಚಕ್ರ ಎರಡನ್ನೂ ಯಾರಾದರೂ ಬದಲಾಯಿಸಬಹುದು. ಗುರುತಿಗೆ ಚಾಸಿ ನಂಬರ್ ಓದಿ: ಜಿಸಿಎನ್ 1 ಎಂದಿದ್ದರೆ ಎಂಜಿಸಿ ರೋಡ್‌ಸ್ಟರ್, ಜಿಸಿಡಿ 1 ಎಂದಿದ್ದರೆ ಜಿಟಿ. ಎಂಜಿಬಿಗಳಲ್ಲಿ ಇವು ಜಿಎಚ್‌ಎನ್, ಜಿಎಚ್‌ಡಿ. ಆಮೇಲೆ ಮೊಣಕಾಲೂರಿ ನೆಲದಡಿ ಟಾರ್ಶನ್ ಬಾರ್ ಇದೆಯೇ ಎಂದು ಕಣ್ಣಾರೆ ನೋಡಿ. ಆ ಬಾರ್‌ಗಳನ್ನು ಹಿಡಿದ ಅಡ್ಡಪಟ್ಟಿ ತುಕ್ಕು ತಿಂದಿದ್ದರೆ ಖರ್ಚಿನ ಅಂದಾಜನ್ನು ಮೊದಲಿಂದ ಹಾಕಬೇಕು.

ಈಗ ಸಿಲ್. ಚಾಸಿ ನಂಬರ್ ಎಂಬ ಹೆಸರಿದ್ದರೂ ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ಬಾಗಿಲ ಕೆಳಗಿನ ಈ ಪೆಟ್ಟಿಗೆಯೇ ಅದರ ಬೆನ್ನೆಲುಬು. ಹೊರಗೆ ಕಾಣುವುದು ಹೊರಪದರ ಮಾತ್ರ, ಒಳಗಿನ ಪದರಗಳಲ್ಲಿ ನೀರು ನಿಂತು ತುಕ್ಕು ಹುಟ್ಟುತ್ತದೆ. ನಾನು ನೋಡಿದ ಒಂದು ಕಾರಿನ ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಬಾಗಿಲು ಮುಚ್ಚಿ, ಜಾಕ್ ಕೊಡುವ ಜಾಗದಲ್ಲೇ ಜಾಕ್ ಕೊಟ್ಟು ನಿಧಾನ ಎತ್ತಿದೆವು. ಬೆರಳು ತೂರುತ್ತಿದ್ದ ಬಾಗಿಲ ಸಂದು ಕಾಗದವೂ ಹೋಗದಷ್ಟು ಬಿಗಿಯಾಯಿತು. ಅಂದರೆ ಸಿಲ್ ಸೋತು ಬಾಡಿಯೇ ಬಾಗುತ್ತಿತ್ತು. ಅಯಸ್ಕಾಂತ ಹಿಡಿದರೆ ಸಿಲ್‌ಗೆ ಅಂಟಲೇ ಇಲ್ಲ. ಅಲ್ಲಿದ್ದದ್ದು ಪುಟ್ಟಿ! ನನಗೆ ತುಂಬ ಬೇಸರವಾಯಿತು, ಏಕೆಂದರೆ ಅದರ ಇಂಜಿನ್ ನಿಜಕ್ಕೂ ಸೊಗಸಾಗಿತ್ತು. ಆದರೂ ಆ ಕಾರನ್ನು ಕೈಬಿಡಬಾರದು ಎಂದೇ ಹೇಳುತ್ತೇನೆ: ಸಿಲ್‌ನ ಪ್ರತಿ ಪದರವೂ ಹೊಸದಾಗಿ ಸಿಗುತ್ತದೆ, ಬೇಕಾದದ್ದು ಬಾಡಿ ಸೊಟ್ಟಗಾಗದಂತೆ ಆಧಾರ ಕೊಟ್ಟು ಬೆಸೆಯುವ ಒಳ್ಳೆಯ ವೆಲ್ಡರ್.

ಕಾಗದಪತ್ರಗಳಲ್ಲಿ ಎರಡು ಮುಖ್ಯ. ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಮೂಲ ಬಣ್ಣ, ಇಂಜಿನ್ ನಂಬರ್, ಕಾರು ಯಾವ ದೇಶಕ್ಕೆ ಹೋಯಿತು ಎಂಬುದು ಅದರಲ್ಲಿ ಇರುತ್ತದೆ. ಇನ್ನೊಂದು ಎಂಒಟಿ, ಅಂದರೆ ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆ. ದೊಡ್ಡ ಮಾರ್ಪಾಡಾಗದ, 40 ವರ್ಷ ದಾಟಿದ ಕಾರಿಗೆ 2018ರಿಂದ ಅದರ ವಿನಾಯಿತಿ ಇದೆ. ವಿನಾಯಿತಿ ಪಡೆದ ಕಾರಿನ ಅಡಿಯನ್ನು ವರ್ಷಗಟ್ಟಲೆ ಯಾರೂ ನೋಡಿರದೆ ಇರಬಹುದು. ಅದಕ್ಕೆ ಸರ್ಕಾರಿ ತಾಣದಲ್ಲಿ ಹಳೆಯ ತಪಾಸಣೆಗಳ ವಿವರ ತೆಗೆದು ಓದಿ. ಸಿಲ್ ಸವೆದಿದೆ ಎಂಬ ಒಂದು ಸಾಲು ಅಲ್ಲಿ ಕಂಡರೆ, ಕಾರು ನೋಡಲು ಹೋದಾಗ ಟಾರ್ಚ್ ಮೊದಲು ಅತ್ತಲೇ ಹಿಡಿಯಿರಿ.